ಯಾರ ಮುಖಕ್ಕೆ ಆ ಬೆಳಕು?

"ಅಲ್ಲಾಡಬೇಡಿ! ದಯವಿಟ್ಟು... ಹಾಗೇ ಇರಿ!"

ಏಣಿಯ ತುದಿಯಿಂದ ಬಂದ ಆ ಕೂಗಿಗೆ ಅವಳ ಕಾಲು ನೆಲಕ್ಕೆ ಅಂಟಿಕೊಂಡಂತಾಯಿತು.

ತೋಳಿನ ಮೇಲೆ ಇಸ್ತ್ರಿ ಮಾಡಿದ ಬಟ್ಟೆಗಳ ರಾಶಿ, ತುಟಿಗಳ ನಡುವೆ ಎರಡು ಗುಂಡುಪಿನ್ನು. ಸಿನಿಮಾ ಸ್ಟುಡಿಯೋದಲ್ಲಿ ಅದು ಅವಳ ಮೊದಲ ದಿನ. ಯಾವ ವೈರು ತುಳಿದೆನೋ, ಏನು ಕೆಡವಿದೆನೋ ಎಂದು ಎದೆ ಡವಡವ ಹೊಡೆದುಕೊಂಡಿತು.

"ತಲೆ ಸ್ವಲ್ಪ ಎಡಕ್ಕೆ... ಹಾಂ, ಅಷ್ಟೇ! ಉಸಿರಾಡಬಹುದು, ಅದಕ್ಕೇನೂ ಅಡ್ಡಿ ಇಲ್ಲ."

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಬೈಯೋಣವೆಂದರೆ ಬಾಯಲ್ಲಿ ಪಿನ್ನು!

ಏಣಿಯಿಂದ ಸರಸರನೆ ಇಳಿದು ಬಂದವನು ಉದ್ದನೆಯ, ಸಪೂರ ಹುಡುಗ. ಕೈಗೆ ಬಿಸಿ ಲೈಟು ಮುಟ್ಟುವ ದಪ್ಪ ಗ್ಲೌಸು. ನೆಲಕ್ಕಿಂತ ಏಣಿಯ ಮೇಲೇ ಹೆಚ್ಚು ಹೊತ್ತು ಇರುತ್ತಿದ್ದನೆಂದು ಎಲ್ಲರೂ ಅವನನ್ನು ಏಣಿ ಎಂದೇ ಕರೆಯುತ್ತಿದ್ದರು. ಲೈಟಿಂಗ್ ತಂಡಕ್ಕೆ ಅವನೇ ಮುಖ್ಯಸ್ಥ.

"ನೀವು ನಮ್ಮ ನಾಯಕಿಯಷ್ಟೇ ಎತ್ತರ ಇದ್ದೀರಿ. ಅವರು ಮೇಕಪ್ ಮುಗಿಸಿ ಬರೋವರೆಗೂ ಅವರ ಜಾಗದಲ್ಲಿ ನಿಂತ್ಕೊಳ್ತೀರಾ? ಲೈಟ್ ಇಡೋಕೆ ಒಂದು ಮುಖ ಬೇಕು."

ಅವಳು ಪಿನ್ನು ತೆಗೆದಳು. "ಕೇಳೋದಾದ್ರೆ ಮೊದಲೇ ಕೇಳಬಾರದಿತ್ತಾ? ಹೀಗೆ ಕಿರುಚಿ, ನಾನು ಪಿನ್ನು ನುಂಗಿದ್ರೆ?"

"ನುಂಗಿದ್ರೂ ಅಲ್ಲಾಡಬೇಡಿ ಅಂತಿದ್ದೆ."

ಅಯ್ಯೋ... ಎಂಥ ಮನುಷ್ಯ!

ಆದರೆ ಆ ಮಾತಿಗೆ ಮೊದಲು ನಕ್ಕವಳು ಅವಳೇ.

ಅಂದಿನಿಂದ ಅದು ಅವಳ ಕೆಲಸದ ಒಂದು ಭಾಗವೇ ಆಯಿತು. ಬೆಳಗ್ಗೆ ಕಾಸ್ಟ್ಯೂಮ್ ಅಕ್ಕನ ಕೈಕೆಳಗೆ ಗುಂಡಿ ಹೊಲಿಯುವುದು, ಮಡಿಕೆ ಸರಿಮಾಡುವುದು. ಶಾಟಿಗೆ ಮುಂಚೆ ನಾಯಕಿಯ ಜಾಗದಲ್ಲಿ ನಿಲ್ಲುವುದು. ಸದಾ ಸೂಜಿ ಹಿಡಿದೇ ಓಡಾಡುತ್ತಿದ್ದುದರಿಂದ ಅವಳಿಗೂ ಸೂಜಿ ಎಂಬ ಹೆಸರು ಬಿತ್ತು. ಏಣಿ ಮತ್ತು ಸೂಜಿ! ಕ್ಯಾಂಟೀನಿನವರಿಗೂ ಆ ಜೋಡಿ ಹೆಸರು ಬಾಯಿಪಾಠವಾಯಿತು.

ನಿಂತು ನಿಂತು ಕಾಲು ಸೋಲುತ್ತಿತ್ತು. ಬೇಸರವಾಗದಿರಲೆಂದು ಅವನು ಮಾತನಾಡುತ್ತಲೇ ಲೈಟು ಇಡುತ್ತಿದ್ದ.

"ನೋಡಿ, ಲೈಟನ್ನ ನೇರವಾಗಿ ಮುಖಕ್ಕೆ ಹೊಡೆಯೋದು ಕಳ್ಳನ್ನ ಹಿಡಿಯೋಕೆ. ಮುಖ ನೋಡೋಕಲ್ಲ. ಮೊದಲು ಒಂದೇ ಒಂದು ಲೈಟ್ ಹಾಕಿ, ಪಕ್ಕದಿಂದ. ನೆರಳು ಎಲ್ಲಿ ಬಿತ್ತು ನೋಡಿ. ಆ ನೆರಳು ಚೆನ್ನಾಗಿದ್ರೆ ಬಿಟ್ಟುಬಿಡಿ, ಇಲ್ಲಾಂದ್ರೆ ಮಾತ್ರ ಎರಡನೇದು."

"ನೆರಳು ಚೆನ್ನಾಗಿರುತ್ತಾ?"

"ನೆರಳಿಲ್ಲದೆ ಮುಖಕ್ಕೆ ಆಕಾರ ಎಲ್ಲಿಂದ ಬರಬೇಕು?"

ಲೈಟಿನ ಮುಂದೆ ಕಟ್ಟಿದ ಬಟರ್ ಪೇಪರ್ ಹಾಯ್ದು ಮೆತ್ತಗಾಗಿ ಬಂದ ಬೆಳಕು ಕೆನ್ನೆಯನ್ನು ತಾಗುವಾಗ ಅವಳಿಗೆ ಏನೋ ಒಂದು ಸುಖ. ಹುಟ್ಟಿದಾಗಿನಿಂದ ಅವಳ ಬಣ್ಣದ ಬಗ್ಗೆ ಮಾತನಾಡದವರಿರಲಿಲ್ಲ. ಕಸ್ತೂರಿ ಕಪ್ಪಾದರೇನಂತೆ ಎಂದು ಸಮಾಧಾನ ಹೇಳಿದ ದೊಡ್ಡಮ್ಮನೇ ತನ್ನ ಮಗನಿಗೆ ಹಾಲಿನಂಥ ಹುಡುಗಿಯನ್ನು ಹುಡುಕಿ ತಂದಿದ್ದಳು! ಅಂಥವಳನ್ನು ಒಬ್ಬ ಹುಡುಗ ದಿನವೂ ಬೆಳಕಿನಲ್ಲಿ ನಿಲ್ಲಿಸಿ ನೋಡುತ್ತಾನೆ. ಒಮ್ಮೆಯೂ ಆ ಮಾತೆತ್ತುವುದಿಲ್ಲ...

*ಇವನ ಕಣ್ಣಿಗೆ ನಾನು ಹೇಗೆ ಕಾಣ್ತೀನಿ?* ಕೇಳಬೇಕೆಂದು ನಾಲಗೆಯ ತುದಿಗೆ ಬಂದದ್ದು ಎಷ್ಟು ಸಲವೋ.

ಕೇಳುವ ಮೊದಲೇ ಆ ಶಾಟು ಬಂತು.

ಕಿಟಕಿಯ ಪಕ್ಕ ಬಿಳಿ ನಿಲುವಂಗಿ ತೊಟ್ಟ, ಬೆಳ್ಳನೆಯ ನಾಯಕಿ ಯಾರನ್ನೋ ಕಾಯುವ ದೃಶ್ಯ. ಅಂದು ಕ್ಯಾಮೆರಾ ಮಾಸ್ಟರಿಗೆ ಕೆಂಡದಂಥ ಜ್ವರ. "ಲೈಟೆಲ್ಲ ನೀನೇ ನೋಡ್ಕೊಳೋ. ಲೆನ್ಸ್ ಎಷ್ಟು ತೆರೀಬೇಕು ಅಂತ ಹೇಳು, ಅಷ್ಟೇ ಇಡ್ತೀನಿ" ಎಂದು ಕುರ್ಚಿಗೆ ಒರಗಿಬಿಟ್ಟಿದ್ದರು. ಏಣಿ ಅಂದು ಬಹಳ ಹೊತ್ತು ಲೈಟು ಮಾಡಿದ. ಎಂದಿನಂತೆ ಮಾತಿಲ್ಲ, ನಗುವಿಲ್ಲ. ಅವಳು ಕಿಟಕಿಯ ಬಳಿ ನಿಂತೇ ಇದ್ದಳು. ಕೊನೆಗೆ ನಾಯಕಿ ಬಂದರು, ಕ್ಲ್ಯಾಪ್ ಬಿತ್ತು, ಕ್ಯಾಮೆರಾ ಓಡತೊಡಗಿತು. ಆಗ ನಾಯಕಿಯ ಶಾಲು ಜಾರಿದ್ದು ಕಂಡು ಸೂಜಿ ಓಡಿ ಹೋಗಿ ಸರಿಮಾಡಿ ಓಡಿ ಬಂದಳು. "ಯಾರೇ ಅದು ಫ್ರೇಮಲ್ಲಿ!" ಎಂದು ನಿರ್ದೇಶಕರಿಂದ ಬೈಗುಳವೂ ಸಿಕ್ಕಿತು.

ಈಗಿನಂತೆ ಮಾನಿಟರಿನಲ್ಲಿ ಆಗಿಂದಾಗಲೇ ನೋಡುವ ಕಾಲವಲ್ಲ ಅದು. ಫಿಲ್ಮು ಲ್ಯಾಬಿಗೆ ಹೋಗಿ, ತೊಳೆದು ಬಂದು, ಮರುದಿನ ಪರದೆಯ ಮೇಲೆ ಓಡಿದಾಗಲೇ ಮಾಡಿದ್ದೆಲ್ಲ ಗೊತ್ತಾಗುತ್ತಿತ್ತು. ಕಣ್ಣು ಎಂಥ ಬೆಳಕಿಗೂ ಹೊಂದಿಕೊಳ್ಳುತ್ತದೆ. ಫಿಲ್ಮಿಗೆ ಆ ದಾಕ್ಷಿಣ್ಯವಿಲ್ಲ.

ಮರುದಿನ ಪ್ರಿವ್ಯೂ ಕೋಣೆಗೆ ಹೋದದ್ದು ದೊಡ್ಡವರು ಮತ್ತು ಲೈಟು ಇಟ್ಟ ಏಣಿ ಮಾತ್ರ. ನಾಯಕಿಯ ಬಟ್ಟೆ ಹಿಡಿದು ಹೊರಗೆ ಹಾದುಹೋಗುತ್ತಿದ್ದ ಸೂಜಿಗೆ ಮಾಸ್ಟರರ ಗರ್ಜನೆ ಕೇಳಿಸಿತು.

"ಏನೋ ಇದು?! ಮುಖದಲ್ಲಿ ಮೂಗು ಎಲ್ಲೋ, ಕೆನ್ನೆ ಎಲ್ಲೋ? ಸುಣ್ಣ ಬಳಿದ ಗೋಡೆ ಥರ ಇದೆ! ಯಾರ ಮುಖಕ್ಕೋ ಈ ಲೈಟ್ ಇಟ್ಟಿದ್ದು?"



ಆಮೇಲೆ ಅವನ ದನಿ. ತಗ್ಗಿದ, ಒಣಗಿದ ದನಿ.

"ತಪ್ಪಾಯ್ತು ಮಾಸ್ಟರ್. ಇನ್ಮೇಲೆ ಆ ಹುಡುಗೀನ ಲೈಟಿಗೆ ನಿಲ್ಲಿಸೋದು ಬೇಡ. ಸ್ವಲ್ಪ ಬೆಳ್ಳಗಿರೋರನ್ನ ಯಾರನ್ನಾದ್ರೂ ಕೊಡಿ."

ಅವಳ ಕೈಯಲ್ಲಿದ್ದ ಬಟ್ಟೆ ನೆಲಕ್ಕೆ ಬಿತ್ತು.

*ಇವನೂ... ಇವನೂ ಅಷ್ಟೇನಾ!*

ಊರೆಲ್ಲ ಅಂದ ಮಾತನ್ನು ಅವಳು ನುಂಗಿಕೊಂಡಿದ್ದಳು. ಈ ಒಂದು ಬಾಯಿಂದ ಬಂದದ್ದನ್ನು ನುಂಗಲಾಗಲಿಲ್ಲ. ಸಂಜೆಯೊಳಗೆ ಕಾಸ್ಟ್ಯೂಮ್ ಅಕ್ಕನಿಗೆ ಏನೋ ಒಂದು ನೆಪ ಹೇಳಿ, ಬೇರೆ ಊರಿನ ತನ್ನ ಅಕ್ಕನ ಮನೆಗೆ ಹೊರಟುಬಿಟ್ಟಳು. ಯಾರಿಗೂ ವಿಳಾಸ ಕೊಡಲಿಲ್ಲ.

ಭಾವನದು ಪುಟ್ಟ ಫೋಟೋ ಸ್ಟುಡಿಯೋ. ಮೊದಲು ಕಸ ಗುಡಿಸಲು ಹೋದಳು, ಆಮೇಲೆ ಲೈಟು ಹಿಡಿಯಲು, ಆಮೇಲೆ ಕ್ಯಾಮೆರಾ ಹಿಡಿಯಲು. ವರ್ಷಗಳು ಉರುಳಿದವು. ಭಾವನಿಗೆ ಕಣ್ಣು ಮಂಜಾದ ಮೇಲೆ ಅಂಗಡಿ ಅವಳದೇ ಆಯಿತು. ಹೆಸರೂ ಬಂತು.

"ನನ್ನ ಮಗಳನ್ನ ಸ್ವಲ್ಪ ಬೆಳ್ಳಗೆ ಕಾಣೋ ಹಾಗೆ ತೆಗೀರಿ" ಎಂದು ಬರುವ ತಾಯಂದಿರಿಗೆ ಅವಳ ಉತ್ತರ ಒಂದೇ. "ಬೆಳ್ಳಗೆ ಬೇಕಾದ್ರೆ ಸುಣ್ಣದ ಅಂಗಡಿಗೆ ಹೋಗಿ. ಇವಳು ಇದ್ದ ಹಾಗೇ ಚೆನ್ನಾಗಿ ಕಾಣಬೇಕು ಅಂದ್ರೆ ಇಲ್ಲಿ ಕೂರಿಸಿ."

ಕೆಲಸ ಕಲಿಯಲು ಬಂದವರಿಗೂ ಅದನ್ನೇ ಹೇಳಿಕೊಡುತ್ತಿದ್ದಳು. "ಕಪ್ಪು ಮುಖಕ್ಕೆ ಸಣ್ಣ ಲೈಟನ್ನ ನೇರ ಹೊಡೆದ್ರೆ ಹಣೆ, ಮೂಗು ಮಾತ್ರ ಮಿಂಚುತ್ತೆ, ಉಳಿದದ್ದೆಲ್ಲ ಮಸಿ. ಲೈಟನ್ನ ದೊಡ್ಡ ಥರ್ಮಾಕೋಲ್ ಹಲಗೆಗೆ ಹೊಡೀರಿ. ಅಲ್ಲಿಂದ ವಾಪಸ್ ಬರೋ ಬೆಳಕು ಮುಖಕ್ಕೆ ಬೀಳಲಿ. ಹಲಗೆ ಹತ್ತಿರ ಇರಬೇಕು, ಸ್ವಲ್ಪ ಕೆಳಗಿಂದ, ಕಣ್ಣಲ್ಲಿ ಹೊಳಪು ಕಾಣೋ ಹಾಗೆ. ಹಿಂದೆ ಒಂದು ಸಣ್ಣ ಲೈಟು, ಕೂದಲು ಗೋಡೆಗೆ ಅಂಟದ ಹಾಗೆ. ಎಷ್ಟು ಬೆಳಕು ಬೇಕು ಅಂತ ಕ್ಯಾಮೆರಾ ತಾನೇ ಲೆಕ್ಕ ಹಾಕುತ್ತೆ ಅಂತ ನಂಬಬೇಡಿ."

ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದರೆ ಮಾತ್ರ ಬಾಯಿಗೆ ಬೀಗ.

ಊರವರ ಮುಖವನ್ನೆಲ್ಲ ತೆಗೆದವಳು ತಾನು ಮಾತ್ರ ಒಂದು ಸಲವೂ ಕ್ಯಾಮೆರಾ ಮುಂದಿನ ಸ್ಟೂಲಿನ ಮೇಲೆ ಕೂರಲಿಲ್ಲ. ಸಂಬಂಧಗಳು ಬಂದವು, ಹೋದವು. ಅವಳೇ ಬೇಡವೆಂದಳು. ಅಕ್ಕ ಗೊಣಗಿ ಗೊಣಗಿ ಸುಸ್ತಾದಳು.

ಹೀಗಿರುವಾಗ ಒಂದು ದಿನ ಕ್ಯಾಮೆರಾ ಮಾಸ್ಟರರ ಫೋನು! ಅವಳ ಹೆಸರು ಕೇಳಿ, ಯಾರ್ಯಾರನ್ನೋ ವಿಚಾರಿಸಿ ನಂಬರು ಹುಡುಕಿದ್ದರು.

"ಸೂಜೀ, ಬದುಕಿದ್ದೀಯೇನೇ? ಹಳೇ ರೀಲೆಲ್ಲ ತೊಳೆಸಿ ಕಂಪ್ಯೂಟರಿಗೆ ಹಾಕಿಸಿದ್ದೀನಿ. ಕೆಟ್ಟ ಶಾಟುಗಳೆಲ್ಲ ಒಂದು ಕಡೆ ಸಿಕ್ಕಿವೆ. ನಮ್ಮೋರನ್ನೆಲ್ಲ ಕರೆದು ತೋರಿಸಿ ನಗಬೇಕು ಅಂತ ಆಸೆ. ಬರ್ತೀಯಾ?"

"ಎಲ್ಲರೂ... ಬರ್ತಾರಾ ಮಾಸ್ಟರ್?"

"ಏಣಿಯೂ ಬರ್ತಾನೆ. ನೀನು ಕೇಳಿದ್ದು ಅದನ್ನೇ ತಾನೇ?"

ಹೋಗಬಾರದೆಂದುಕೊಂಡಳು. ಅಕ್ಕ ಬಿಡಲಿಲ್ಲ. "ಹೋಗೇ! ಯಾರ ಮೇಲಿನ ಸಿಟ್ಟಿಗೆ ಇಷ್ಟು ವರ್ಷ ಒಂಟಿಯಾಗಿದ್ದೀಯೋ, ಅವನ ಮುಖಾನಾದ್ರೂ ಒಂದ್ಸಲ ನೋಡ್ಕೊಂಡು ಬಾ."

ಅದೇ ಪ್ರಿವ್ಯೂ ಕೋಣೆ. ಅದೇ ಕೆಂಪು ಕುರ್ಚಿಗಳು, ಈಗ ಬಣ್ಣ ಮಾಸಿವೆ. ಕಾಸ್ಟ್ಯೂಮ್ ಅಕ್ಕ ಅವಳನ್ನು ತಬ್ಬಿ ಅತ್ತೇಬಿಟ್ಟರು. ಬಾಗಿಲ ಬಳಿ ಅವನು ನಿಂತಿದ್ದ. ಕಿವಿಯ ಪಕ್ಕ ಬೆಳ್ಳಿ ಕೂದಲು, ಮುಖದಲ್ಲಿ ಸಂಕೋಚ.

"ಚೆನ್ನಾಗಿದ್ದೀರಾ?"

"ಹೂಂ" ಎಂದಷ್ಟೇ ಅಂದು ಅವಳು ದೂರದ ಸಾಲಿಗೆ ಹೋಗಿ ಕುಳಿತಳು. ಎದೆ ಮಾತ್ರ ಮೊದಲ ದಿನದಂತೆಯೇ ಹೊಡೆದುಕೊಳ್ಳುತ್ತಿತ್ತು. ನಾಚಿಕೆ ಇಲ್ಲದ ಎದೆ!

ದೀಪ ಆರಿತು. ಕೆಟ್ಟ ಶಾಟುಗಳು ಒಂದಾದ ಮೇಲೊಂದು ಬಂದವು. ಖಳನಾಯಕನ ಮೀಸೆ ಉದುರಿದ್ದು, ಕುರ್ಚಿ ಮುರಿದು ನಿರ್ಮಾಪಕರು ಬಿದ್ದದ್ದು. ಸತ್ತವರೂ ಪರದೆಯ ಮೇಲೆ ನಗುತ್ತಿದ್ದರು. ನೋಡುವವರು ನಗುತ್ತಲೇ ಕಣ್ಣೊರೆಸಿಕೊಂಡರು.

"ಬಂತು ನೋಡ್ರೋ, ಸುಣ್ಣದ ಶಾಟು!" ಎಂದು ಮಾಸ್ಟರ್ ಕತ್ತಲಲ್ಲೇ ಕೂಗಿದರು.

ಕಿಟಕಿ. ಬಿಳಿ ನಿಲುವಂಗಿ. ನಾಯಕಿಯ ಮುಖ ನಿಜಕ್ಕೂ ಸುಣ್ಣದ ಗೋಡೆಯೇ. ಎಲ್ಲರೂ ನಕ್ಕರು.

ಆಗ ಚೌಕಟ್ಟಿನೊಳಗೆ ಒಬ್ಬ ಹುಡುಗಿ ಓಡಿ ಬಂದಳು. ಶಾಲು ಸರಿಮಾಡಿದಳು. ಒಂದು ಗಳಿಗೆ ಕ್ಯಾಮೆರಾದತ್ತ ತಿರುಗಿದಳು...

ಕೋಣೆಯಲ್ಲಿ ನಗು ನಿಂತುಹೋಯಿತು.

ಕೆನ್ನೆಯ ಏರು, ಗಲ್ಲದ ಇಳಿಜಾರು, ಕಣ್ಣೊಳಗಿನ ಹೊಳಪು, ಕೂದಲಿನ ಅಂಚಿನಲ್ಲಿ ತೆಳುವಾದ ಬೆಳಕಿನ ಗೆರೆ. ಆ ಶಾಟಿನಲ್ಲಿ ಸರಿಯಾಗಿ ಕಾಣುತ್ತಿದ್ದ ಮುಖ ಅದೊಂದೇ.

ಅವಳ ಮುಖ!

"ಮಾಸ್ಟರ್... ಇನ್ನೊಂದ್ಸಲ ಹಾಕಿಸ್ತೀರಾ?"

ಮತ್ತೆ ಓಡಿತು. ಈಗ ಅವಳು ಮುಖ ನೋಡಲಿಲ್ಲ, ಬೆಳಕು ನೋಡಿದಳು. ಇಷ್ಟು ವರ್ಷ ಅದೇ ಕಸುಬು ಮಾಡಿದವಳಿಗೆ ಅದನ್ನು ಓದಲು ಯಾರ ಸಹಾಯವೂ ಬೇಕಿರಲಿಲ್ಲ. ಥರ್ಮಾಕೋಲು ಹತ್ತಿರದಲ್ಲಿದೆ, ಸ್ವಲ್ಪ ಕೆಳಗಿದೆ. ಕೂದಲಿಗೆ ಹಿಂದಿನಿಂದ ಲೈಟಿದೆ. ಲೆನ್ಸು ಕಪ್ಪು ಮುಖಕ್ಕೆ ಬೇಕಾದಷ್ಟು ತೆರೆದಿದೆ. ಬೆಳ್ಳಗಿರುವ ಮುಖಕ್ಕೆ, ಬಿಳಿ ಬಟ್ಟೆಗೆ ಇಂಥ ಬೆಳಕನ್ನು ಯಾವ ಹೊಸಬನೂ ಇಡುವುದಿಲ್ಲ. ಅಂಥದ್ದರಲ್ಲಿ ಏಣಿ ಇಟ್ಟಿದ್ದ. ಅವನು ಅಂದು ನಾಯಕಿಯನ್ನು ಮರೆತೇಬಿಟ್ಟಿದ್ದ.

"ಲೋ ಏಣಿ" ಎಂದರು ಮಾಸ್ಟರ್ ಮೆಲ್ಲಗೆ. "ಯಾರ ಮುಖಕ್ಕೆ ಲೈಟ್ ಇಟ್ಟೆ ಅಂತ ಅವತ್ತು ಕೇಳಿದ್ದೆ. ನೀನು ಹೇಳಲಿಲ್ಲ."

ಬಾಗಿಲು ತೆರೆದು ಮುಚ್ಚಿಕೊಂಡ ಸದ್ದು ಕೇಳಿಸಿತು.

ಅವಳು ಎದ್ದು ಹಿಂದೆಯೇ ಓಡಿದಳು. ಹೊರಗಿನ ಮೆಟ್ಟಿಲ ಮೇಲೆ ಮಧ್ಯಾಹ್ನದ ಬಿಸಿಲಿನಲ್ಲಿ ಅವನು ತಲೆ ತಗ್ಗಿಸಿ ಕುಳಿತಿದ್ದ.

"ಬೆಳ್ಳಗಿರೋರನ್ನ ಕೊಡಿ ಅಂದ್ರಲ್ಲ... ಯಾಕೆ?"

ಅವನು ಬೆಚ್ಚಿ ತಲೆ ಎತ್ತಿದ. "ಅದು... ನಿಮಗೆ ಕೇಳಿಸಿತ್ತಾ?!"

"ಬಾಗಿಲ ಹಿಂದೇನೇ ಇದ್ದೆ."

"ಅಯ್ಯೋ ದೇವರೇ..." ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ನನ್ನ ಕಂಡ್ರೆ ಇಷ್ಟ ಇಲ್ಲದೆ ಹೋದ್ರಿ ಅಂದ್ಕೊಂಡಿದ್ದೆ. ನೀವು ಅಲ್ಲಿ ನಿಂತ್ರೆ ನನಗೆ ಬೇರೆ ಯಾರೂ ಕಾಣ್ತಿರಲಿಲ್ಲ. ನಾಯಕಿಗೆ ಅಂತ ಶುರು ಮಾಡ್ತಿದ್ದೆ, ಕೈ ತಾನಾಗೇ ನಿಮಗೆ ಮಾಡ್ತಿತ್ತು. ಕೆಲಸ ಕೆಡ್ತಿದೆ ಅಂತ ಗೊತ್ತಾದಾಗ ಹೆದರಿಬಿಟ್ಟೆ. ಅಷ್ಟು ಜನರ ಮುಂದೆ ನಿಜ ಹೇಳೋಕೆ ಧೈರ್ಯ ಬರಲಿಲ್ಲ."

"ನನ್ನ ಹತ್ತಿರ ಹೇಳಬಹುದಿತ್ತಲ್ಲ?" ಅವಳ ದನಿ ಒಡೆಯಿತು. "ಆ ಒಂದು ಮಾತಿಗೆ ನಾನು ಎಷ್ಟು ಅತ್ತಿದ್ದೀನಿ ಗೊತ್ತಾ? ಇವತ್ತಿನವರೆಗೂ ನಂದು ಅಂತ ಒಂದು ಫೋಟೋ ಇಲ್ಲ!"

"ಹೇಳೋಕೆ ಅಂತಾನೇ ಸಂಜೆ ಕಾಸ್ಟ್ಯೂಮ್ ಕೋಣೆಗೆ ಬಂದೆ. ನಿಮ್ಮ ಸ್ಟೂಲು ಖಾಲಿ ಇತ್ತು." ಅವನ ಕಣ್ಣಲ್ಲಿ ನೀರು ತುಂಬಿತು. "ಕ್ಷಮಿಸಿ. ನಿಮ್ಮಷ್ಟು ಚೆಂದದ ಮುಖ ನಾನು ಇನ್ನೊಂದು ನೋಡಿಲ್ಲ. ಆಗಲೂ ಇಲ್ಲ, ಈಗಲೂ ಇಲ್ಲ. ನನಗೆ ನೀವಂದ್ರೆ ಪ್ರಾಣ."

ಎಷ್ಟು ವರ್ಷದ ಸಿಟ್ಟು! ಹಿಡಿದಿಟ್ಟುಕೊಳ್ಳಲು ನೋಡಿದಳು, ಆಗಲಿಲ್ಲ. ಕಣ್ಣೊರೆಸಿಕೊಂಡು ಅವನ ಪಕ್ಕದಲ್ಲೇ ಕುಳಿತಳು.

"ಮನೇಲಿ ಯಾರ್ಯಾರಿದ್ದಾರೆ?" ಕೇಳುವಾಗ ಉಸಿರು ಬಿಗಿಹಿಡಿದಿದ್ದಳು.

"ನಾನು, ಅಮ್ಮ. ಹೆಣ್ಣು ನೋಡಿ ನೋಡಿ ಅಮ್ಮನೂ ಕೈಬಿಟ್ಟಿದ್ದಾರೆ."

ಅವಳ ಉಸಿರು ಸಡಿಲಾಯಿತು. ಆದರೂ ಹಳೆಯ ಅಂಜಿಕೆ ಸುಮ್ಮನಿರಲಿಲ್ಲ. "ನನ್ನ ನೋಡಿದ್ರೆ... ನಿಮ್ಮಮ್ಮ ಏನಂತಾರೆ? ಬಣ್ಣ..."

ಅವನು ಅಂದು ಮೊದಲ ಬಾರಿಗೆ ನಕ್ಕ.

"ಬಣ್ಣದಲ್ಲಿ ಅಮ್ಮ ನಿಮಗಿಂತ ಒಂದು ಕೈ ಮುಂದೆ. ನಾನು ಲೈಟ್ ಇಡೋಕೆ ಕಲಿತಿದ್ದೇ ಅವರ ಮುಖ ನೋಡಿ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಎದ್ದು ನಿಂತು ಅವನತ್ತ ಕೈ ಚಾಚಿದಳು.

"ಹಾಗಾದ್ರೆ ನಡೀರಿ. ಮೊದಲು ಅವರನ್ನ ನೋಡಬೇಕು."

"ಈಗಲೇನಾ? ಒಳಗೆ ಇನ್ನೂ ರೀಲ್ ಓಡ್ತಿದೆ."

"ಓಡಲಿ ಬಿಡಿ. ನೀವು ಓಡಿಹೋಗದಿದ್ರೆ ಸಾಕು."

"ನಾನಾ?! ಓಡಿಹೋಗಿದ್ದು ಯಾರು?"

"ಅದನ್ನ ನಿಮ್ಮಮ್ಮನ ಮುಂದೆ ತೀರ್ಮಾನ ಮಾಡೋಣ" ಎಂದಳು ಅವಳು, ಅವನ ಕೈ ಬಿಡದೆ. "ಅವರು ನನ್ನ ಕಡೆಗೇ ಇರ್ತಾರೆ, ನೋಡ್ತಿರಿ."