ಬಾಗದ ಕುತ್ತಿಗೆ

ಆಯಿಯ ಬೆರಳ ತುದಿಯಲ್ಲಿ ಗಂಧ ಒಣಗತೊಡಗಿತ್ತು. ಶ್ರೇಣಿಕ ಬಾಗಲಿಲ್ಲ.

ಅವತ್ತು ನನ್ನ ಮತ್ತು ಶ್ರೇಣಿಕನ ಸಾಖರಪುಡಾ. ಕರೋಶಿಯ ನಮ್ಮ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿ ಎರಡೂ ಕಡೆಯವರು ಎದುರುಬದುರು ಕೂತಿದ್ದರು. ಸಕ್ಕರೆ ಪುಡಿಕೆ ಕೈ ಬದಲಾಯಿಸಿದರೆ ಮದುವೆ ಗಟ್ಟಿ. ಅದಾದ ಮೇಲೆ ಹುಡುಗ ಹುಡುಗಿಯ ಮನೆಯ ಹಿರಿಯಳ ಮುಂದೆ ತಲೆ ಬಾಗಿಸಬೇಕು, ಆಕೆ ಹಣೆಗೆ ಗಂಧ ಇಡಬೇಕು. ನಮ್ಮಲ್ಲಿ ಹಿರಿಯಳೆಂದರೆ ಅಪ್ಪನ ತಾಯಿ, ಗಂಗೂಬಾಯಿ ಆಯಿ. ಶ್ರೇಣಿಕನ ಎದೆಯ ಎತ್ತರವೂ ಇಲ್ಲದ ಮುದುಕಿ.

"ಬಾಗಪಾ, ನನ್ನ ಕೈ ಅಟ್ಟಕ್ಕ ಮುಟ್ಟಂಗಿಲ್ಲ," ಎಂದಳು ಆಯಿ. ಎಲ್ಲರೂ ನಕ್ಕರು.

ಅವನು ಕೈ ಮುಗಿದ. ಫೇಟಾ ಸುತ್ತಿದ ತಲೆ ಮಾತ್ರ ಕಂಬದಂತೆ ನೆಟ್ಟಗೇ ಇತ್ತು. "ಇಲ್ರಿ ಆಯಿ. ಕೈಗೇ ಹಚ್ಚಿಬಿಡ್ರಿ."

ನಗು ನಿಂತಿತು. ನನ್ನ ಅಪ್ಪ ಪಾರಿಸ ಎದ್ದು ನಿಂತ.

"ಕೈಗೆ? ಪೈಲ್ವಾನರ ಕುತಗಿ ನಮ್ಮ ಮನ್ಯಾಗ ಬಾಗಂಗಿಲ್ಲೇನು? ಇಷ್ಟ ಮಂದಿ ಮುಂದ ನಮ್ಮವ್ವನ ಕೈ ಚಾಚಿಸಿ ನಿಲ್ಲಸ್ತೀಯಲೇ?"

ನಾನು ಅವನನ್ನೇ ನೋಡಿದೆ. ಏನಾದರೂ ಹೇಳು ಮಾರಾಯಾ, ಒಂದು ಮಾತು. ಅವನ ತುಟಿ ಅಲುಗಿತು. ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಅವನ ಕುಸ್ತಿಯ ಗುರು ಇಬ್ರಾಹಿಮ ವಸ್ತಾದರ ಕಡೆ ಕಣ್ಣು ಹೊರಳಿತು. ತುಟಿ ಮುಚ್ಚಿಕೊಂಡಿತು.

ಆಯಿ ಗಂಧದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು, ಅಷ್ಟೇ. ಅಪ್ಪನ ಕೂಗಾಟಕ್ಕಿಂತ ಅದೇ ನನಗೆ ಹೆಚ್ಚು ಉರಿಯಿತು.

ಬಂದವರು ಊಟವನ್ನೂ ಮಾಡದೆ ಎದ್ದು ಹೋದರು. ಅವರ ಸಕ್ಕರೆ ಪುಡಿಕೆ ನಮ್ಮ ಮನೆಯಲ್ಲೇ ಉಳಿಯಿತು.

ಚಿಕ್ಕೋಡಿಯ ಒಂದು ಕ್ಲಿನಿಕ್ಕಿನಲ್ಲಿ ನಾನು ಫಿಸಿಯೋಥೆರಪಿಸ್ಟ್. ಹೋದ ವರ್ಷ ಮಂಡಿ ಉಳುಕಿಸಿಕೊಂಡು ಬಂದ ಯಡೂರಿನ ಪೈಲ್ವಾನ ಇವನು. ನಮ್ಮ ಕ್ಲಿನಿಕ್ಕಿನ ಬಾಗಿಲು ಗಿಡ್ಡ. ಪ್ರತಿ ಸಲ ತಲೆ ತಗ್ಗಿಸಿ ಒಳಗೆ ಬಂದು, "ನಮಸ್ಕಾರ ಹೊಡಿಸ್ಕೋಬೇಕಂತನ ಇಷ್ಟ ಗಿಡ್ಡ ಬಾಗಲಾ ಇಡ್ಸೀರೇನ್ರಿ, ಪ್ರಾಜಕ್ತಾ ಮೇಡಂ?" ಎನ್ನುತ್ತಿದ್ದ.

ಮಂಡಿ ಆರಾಮಾದ ಮೇಲೂ ಬರುವುದು ನಿಲ್ಲಲಿಲ್ಲ. "ಈಗೆಲ್ಲಿ ನೋವು?" ಎಂದರೆ ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರ ತೋರಿಸುತ್ತಿದ್ದ. "ನನಗೇನಿಲ್ರಿ. ಪಾಪ, ಇವಂಗ ಒಬ್ಬವಗ ಬ್ಯಾಸರಾಗ್ತೈತಿ ಅಂತ ಮಾತಾಡ್ಸಾಕ ಬಂದೆ."

"ಮಾತಾಡ್ಸಿ ಹೋಗ್ರಿ ಮತ್ತ. ಅವಂಗೂ ಮೈಮ್ಯಾಲ ಮಾಂಸ ಇಲ್ಲ, ನಿಮಗೂ ತಲ್ಯಾಗ ಏನಿಲ್ಲ, ಛೊಲೊ ಜೋಡಿ."

ಹಾಗೆ ಬೈಸಿಕೊಳ್ಳುವಾಗ ಅವನ ಕಣ್ಣು ಮೊದಲು ನಗುತ್ತಿತ್ತು, ಮೀಸೆ ಆಮೇಲೆ. ಆ ನಡುವಿನ ಒಂದು ಕ್ಷಣಕ್ಕಾಗಿ ನಾನು ಬೇಕೆಂದೇ ಬೈಯುತ್ತಿದ್ದೆ.

ಇತ್ತೀಚೆಗೆ ವಿಡಿಯೋ ಕಾಲಿನಲ್ಲಿ ಫೋನನ್ನು ಮುಖದ ನೇರಕ್ಕೆ ಎತ್ತಿ ಹಿಡಿಯತೊಡಗಿದ್ದ. "ಹೀರೋ ಆಗ್ಯಾರ" ಎಂದು ಕಾಡಿಸಿದ್ದೆ. ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡೇ ಬರುತ್ತಿದ್ದ. "ಎದಿ ತೋರ್ಸಾಕ ಬಂದೀಯೇನು?" ಎಂದು ನಾನೇ ಹಾಕುತ್ತಿದ್ದೆ. ಆಗ ನನ್ನ ಬೆರಳಿಗೆ ತಾಗುತ್ತಿದ್ದ ಅವನ ಉಸಿರಿಗೆ ನಾನು ಎಷ್ಟೆಲ್ಲ ಅರ್ಥ ಹಚ್ಚಿಕೊಂಡಿದ್ದೆನೋ.

ಸಾಖರಪುಡಾ ಮುರಿದ ಸಂಜೆ ಫೋನ್ ಮಾಡಿದೆ. "ಯಾಕ ಹಂಗ ಮಾಡ್ದಿ?"

"ರವಿವಾರ ತನಕ ಸುಮ್ನಿರು, ಪ್ರಾಜು. ಆಮ್ಯಾಲ ಎಲ್ಲಾ ಹೇಳ್ತೀನಿ."

ರವಿವಾರ ಕಾಗವಾಡದ ಮೈದಾನದಲ್ಲಿ ಅವನ ಕುಸ್ತಿ ಇತ್ತು. ನನ್ನ ಆಯಿಯ ಕೈ ಗಾಳಿಯಲ್ಲಿ ನಿಂತಿತ್ತು, ಇವನಿಗೆ ಕುಸ್ತಿ! ಫೋನು ಕಟ್ ಮಾಡಿದೆ. ಮತ್ತೆ ಎತ್ತಲಿಲ್ಲ. ಮರುದಿನ ಕ್ಲಿನಿಕ್ಕಿನಲ್ಲಿ ಬಂದವರೆಲ್ಲರ ಭುಜವನ್ನೂ ಬೇಕಾದ್ದಕ್ಕಿಂತ ಜೋರಾಗಿ ಒತ್ತಿದೆ. "ಮೇಡಂ, ನಾ ಏನ್ ಮಾಡೇನ್ರಿ?" ಎಂದು ಒಬ್ಬಾಕೆ ಕೇಳಿಯೇಬಿಟ್ಟಳು. ಕೈ ತೊಳೆದುಕೊಂಡು, ಪುಡಿಕೆಯನ್ನು ಸ್ಕೂಟಿಯ ಡಿಕ್ಕಿಯಲ್ಲಿ ಹಾಕಿಕೊಂಡು ಯಡೂರಿಗೆ ಹೊರಟೆ.

ಅವರ ತಾಲೀಮು, ಅಂದರೆ ಗರಡಿಮನೆ, ಹೊಳೆಯ ದಂಡೆಗೆ ಹತ್ತಿರ. ಒಳಗೆ ಕಾಲಿಟ್ಟರೆ ಮಜ್ಜಿಗೆ, ಎಣ್ಣೆ, ಅರಿಶಿನ ಕುಡಿದ ಕೆಂಪು ಮಣ್ಣಿನ ವಾಸನೆ. ನಾನು ಚಪ್ಪಲಿಯಲ್ಲೇ ಆ ಮಣ್ಣಿನ ನಡುವಿಗೆ ಹೋಗಿ ನಿಂತೆ.

"ಅರೇ ಬೇಟಿ, ಚಪ್ಲಿ!" ಇಬ್ರಾಹಿಮ ವಸ್ತಾದ ಗಾಬರಿಯಿಂದ ಕೂಗಿದರು. "ಈ ಮಣ್ಣಿಗೆ ನಾವು ಕೈ ಮುಗೀತೀವಿ!"

"ತಲಿ ಬಾಗಸದವರು ನನಗ ರೀತಿ ಕಲಸ್ಬ್ಯಾಡ್ರಿ. ಮದ್ಲ ನಿಮ್ಮ ಪೈಲ್ವಾನಗ ಕಲಸ್ರಿ."

ಶ್ರೇಣಿಕ ಗೋಡೆಯ ಹತ್ತಿರ ನಿಂತಿದ್ದ. ಅವನ ಕಡೆ ಪುಡಿಕೆ ಎಸೆದೆ. ಬೆಳ್ಳಿ ಕಾಗದ ಒಡೆದು ಸಕ್ಕರೆ ಕೆಂಪು ಮಣ್ಣಿನ ಮೇಲೆ ಚೆಲ್ಲಿತು.

"ತಗೋ ನಿನ್ನ ಸಕ್ಕರಿ. ನನ್ನ ಮನಿ ಬಾಗಲಾ ಇನ್ನ ತುಳೀಬ್ಯಾಡ."

ಅವನು ಮಣ್ಣಿನ ಅಂಚಿಗೆ ಬಂದ. ಎಂಥ ಜಗಳವಿದ್ದರೂ ಮಣ್ಣಿಗೆ ನಮಸ್ಕರಿಸದೆ ಅವರು ಒಳಗೆ ಕಾಲಿಡುವುದಿಲ್ಲ. ಬಾಗಿ, ಮಣ್ಣು ಮುಟ್ಟಿ, ಹಣೆಗೆ ಹಚ್ಚಿಕೊಳ್ಳಬೇಕು. ಅವನು ಬಾಗಲಿಲ್ಲ. ತುಂಬಿದ ಕೊಡ ಹೊತ್ತ ಹೆಂಗಸು ಕೂರುವ ಹಾಗೆ, ಬೆನ್ನು ನೆಟ್ಟಗೆ, ಕುತ್ತಿಗೆ ನೆಟ್ಟಗೆ, ಮಂಡಿ ಮಡಚಿ ಮೆಲ್ಲಗೆ ಕೆಳಗಿಳಿದ. ಕೆಳಗೆ ನೋಡದೆ ಕೈಯಿಂದ ತಡಕಾಡಿ ಒಂದು ಚಿಟಿಕೆ ಮಣ್ಣು ಹಿಡಿದು ಹಣೆಯವರೆಗೆ ಎತ್ತಿಕೊಂಡ. ಮತ್ತೆ ಹಾಗೇ ಎದ್ದು ಬಂದು, ಹಾಗೇ ಇಳಿದು, ಪುಡಿಕೆಯನ್ನು ಎತ್ತಿಕೊಂಡ.

ನನ್ನ ಬಾಯಲ್ಲಿದ್ದ ಬೈಗುಳ ಅಲ್ಲೇ ನಿಂತಿತು. ಆಯಿಗೆ ಬಾಗದವನು ಸೊಕ್ಕಿನವನಿರಬಹುದು. ಆದರೆ ಶ್ರೇಣಿಕ ಈ ಮಣ್ಣಿಗೂ ಬಾಗುವುದಿಲ್ಲವೆಂದರೆ?

"ಗದ್ದ ಎದಿಗೆ ಹಚ್ಚು," ಎಂದೆ.

"ಏನ?"

"ಕಿವಿ ಕೇಳಂಗಿಲ್ಲೇನು? ಗದ್ದ. ಎದಿಗೆ. ಸಾವಕಾಶ."

"ಇಲ್ಲಿ ದವಾಖಾನಿ ತಗೀಬ್ಯಾಡ, ಪ್ರಾಜು."

"ಹಚ್ತೀಯೋ, ನಾ ಹೋಗ್ಲ್ಯೋ?"

ಅವನು ವಸ್ತಾದರ ಕಡೆ ನೋಡಿದ. ನನ್ನ ಕಡೆ ನೋಡಿದ. ಆಮೇಲೆ ತಲೆ ತಗ್ಗಿಸಿದ. ಅರ್ಧಕ್ಕೆ ಬರುವಷ್ಟರಲ್ಲಿ ಕಣ್ಣುಗಳು ಬಿಗಿಯಾಗಿ ಮುಚ್ಚಿಕೊಂಡವು. ಹೆಗಲು ಜಿಗಿಯಿತು. ಪುಡಿಕೆ ಕೈಯಿಂದ ಜಾರಿತು. ಆ ದೊಡ್ಡ ದೇಹ ಒಂದು ಕಾಲಿನ ಮೇಲೆ ತೂಗಾಡಿತು.

"ಸಾಕು! ಮ್ಯಾಲ ತಗಿ!" ಓಡಿಹೋಗಿ ಅವನ ತೋಳು ಹಿಡಿದೆ. "ಎಲ್ಲಿಗೆ ಹೋತು?"

"ಕುತಗ್ಯಾಗಿಂದ ಬೆನ್ನಾಗ, ಕಾಲ ತನಕ. ಪಂಪಿನ ಸ್ಟಾರ್ಟರಿಗೆ ಹಸಿ ಕೈ ಹಚ್ಚಿದಂಗ."

"ಯಾವಾಗಿಂದ?"

"ದೀಪಾವಳಿ ಮುಂದಿಂದ."

"ಕೈ?"

"ಜುಮುಜುಮು ಅಂತಾವ."

"ಗುಂಡಿ ಹಾಕ್ಕೊಳ್ಳಾಕ ಬರಂಗಿಲ್ಲ. ಹೌದಲ್ಲೊ?"

ಮೀಸೆ ನಗಲು ನೋಡಿತು. ಕಣ್ಣು ಜೊತೆ ಕೊಡಲಿಲ್ಲ. "ನೀ ಹಾಕ್ತಿದ್ದಿ ಅಲ್ಲಾ."

"ನಗಬ್ಯಾಡ! ಖರೇನ ಹೊಡೀತೀನಿ ಈಗ."

"ನರಾ ಹಿಡದೈತಿ ಬೇಟಿ," ವಸ್ತಾದ ಹತ್ತಿರ ಬಂದರು. "ಕುತಗಿ ಬಿಗೀತೈತಿ ಅಂತಿದ್ದ. ವಾರಕ್ಕೊಮ್ಮಿ ನಾನ ತಿರುವಿ ಕಟಕ್ ಅನಸ್ತೀನಿ. ರವಿವಾರಕ್ಕ ತಯಾರಾಗ್ತಾನ."

"ಇನ್ನೊಮ್ಮೆ ಕಟಕ್ ಅನಿಸಿದ್ರ ನಿಮ್ಮ ಪೈಲ್ವಾನ ಮಂಚದ ಮ್ಯಾಲಿಂದ ಏಳ್ದೇನೂ ಇರಬೌದು!" ನನ್ನ ದನಿ ಚಾವಣಿಯ ತಗಡಿಗೆ ಬಡಿದು ವಾಪಸು ಬಂತು. "ಇದು ನರಾ ಹಿಡಿಯೂದಲ್ರಿ. ತಲಿ ಬಾಗಿಸಿದಾಗ ಹಿಂಗ ಕರೆಂಟ ಹರದ್ರ, ಬೆನ್ನುಹುರಿಗೇ ಏನೋ ಆಗೈತಿ ಅಂತ ಸಂಶಯ. ಏನಂತ ನಾ ಹೇಳಾಕಾಗಂಗಿಲ್ಲ, ಎಂಆರ್‌ಐ ಹೇಳ್ಬೇಕು. ನಾಳೆ ಮೀರಜಕ್ಕ ಹೋಗೂದು."

"ರವಿವಾರ ಆದ ಮ್ಯಾಲ," ಎಂದ ಶ್ರೇಣಿಕ.

ನಾನು ಅವನ ತೋಳು ಬಿಟ್ಟುಬಿಟ್ಟೆ.

"ಸಿಟ್ಟಾಗಬ್ಯಾಡ, ಕೇಳು. ನಿಮ್ಮನ್ಯಾಗ ಖರೇ ಹೇಳಿದ್ರ ವಸ್ತಾದ ಕುಸ್ತಿ ರದ್ದ ಮಾಡ್ತಿದ್ರು. ಹೋದ ವರ್ಷ ಅದ ಕಾಗವಾಡದಾಗ ನೀ ಮುಂದ ಕುಂತಿದ್ದಿ, ನಾ ಬೆನ್ನ ಮಣ್ಣಿಗೆ ಹಚ್ಚಿದೆ. ನಿನ್ನ ಮುಂದ ಗೆದ್ದ ಮದವ್ಯಾಗ್ಬೇಕಂತ..."

"ನನ್ನ ಹೆಸರ ತಗೀಬ್ಯಾಡ!" ಎಂದು ಕೂಗಿದೆ. "ನನ್ನ ಸಲವಾಗಿ ಕೈಕಾಲ ಕಳ್ಕೋತೀಯಾ? ಯಾರ್ ಕೇಳಿದ್ರು ನಿನಗ? ಅವತ್ತ ಯಾರ್ ಗೆದ್ರು ಅಂತ ಇವತ್ತಿಗೂ ನನಗ ಗೊತ್ತಿಲ್ಲ. ಬಿದ್ದಾಂವ ಎದ್ನೋ ಇಲ್ಲೋ, ಅಷ್ಟ ನೋಡ್ಕೋತ ಕುಂತಿದ್ದೆ. ನನಗ ಗದಾ ಬ್ಯಾಡ, ಫೇಟಾ ಬ್ಯಾಡ. ಕ್ಲಿನಿಕ್ಕಿಗೆ ಬಂದು ಆ ಎಲಬಿನ ಫೋಟೋಕ್ಕ ಹುಚ್ಚರಂಗ ಮಾತಾಡ್ಸಾಂವ ಬೇಕು. ಅಷ್ಟೂ ತಿಳೀಲಿಲ್ಲೇನೋ ನಿನಗ?"

ಹೊರಗೆ ಹೊಳೆಯ ಕಡೆಯಿಂದ ಯಾರದೋ ಪಂಪಿನ ಸದ್ದು ಬರುತ್ತಿತ್ತು. ವಸ್ತಾದ ತಮ್ಮ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. "ನನಗರೆ ಖರೇ ಹೇಳ್ಬೇಕಿಲ್ಲೋ, ಬೇಟಾ," ಎಂದರು.

ಶ್ರೇಣಿಕ ಗೋಡೆಯ ಹತ್ತಿರ ಹೋದ. ಗೂಟದ ಮೇಲಿದ್ದ ತನ್ನ ಕೆಂಪು ಲಂಗೋಟಾ ತೆಗೆದ. ಬೆರಳು ಸರಿಯಾಗಿ ಮಡಚಗೊಡಲಿಲ್ಲ. ಹಾಗೇ ಮುದ್ದೆ ಮಾಡಿ ವಸ್ತಾದರ ಕೈಗೆ ಕೊಟ್ಟ. ಗೂಟ ಖಾಲಿಯಾಯಿತು. ಲಂಗೋಟಾ ಗುರುವಿಗೆ ಒಪ್ಪಿಸಿದರೆ ಕುಸ್ತಿ ಬಿಟ್ಟಂತೆ, ತಾಲೀಮಿನಲ್ಲಿ ಅದು ಎಲ್ಲರಿಗೂ ಗೊತ್ತು.

"ನಾಳೆ ಎಷ್ಟಕ್ಕ ಹೋಗೂದು?" ಎಂದು ನನ್ನನ್ನು ಕೇಳಿದ.

"ಮದ್ಲ ನನ್ನ ಚಪ್ಲಿ ಹೊರಗ ಬಿಟ್ಟ ಬರ್ತೀನಿ," ಎಂದೆ. ಅಳು ಬಂದದ್ದು ಆಗ.

ಎಂಆರ್‌ಐ ಹೇಳಿತು: ಕುತ್ತಿಗೆಯ ಎರಡು ಎಲುಬುಗಳ ನಡುವಿನ ಮೆತ್ತೆ ಹೊರಗೆ ಚಾಚಿ ಬೆನ್ನುಹುರಿಯನ್ನು ಒತ್ತುತ್ತಿತ್ತು. ಆಪರೇಷನ್ ಆಗಲೇಬೇಕು ಎಂದರು ಮೀರಜದ ಡಾಕ್ಟರು. ಕೈಯ ಜುಮುಜುಮು ಎಷ್ಟು ಹೋಗುತ್ತದೆ, ಎಷ್ಟು ಉಳಿಯುತ್ತದೆ, ಈಗಲೇ ಹೇಳಲಾಗದು. ಕುಸ್ತಿ ಮಾತ್ರ ಮುಗಿಯಿತು. ಇಷ್ಟು ದಿನ ಮುಚ್ಚಿಟ್ಟದ್ದಕ್ಕೆ ಅವರೂ ಅವನಿಗೆ ಬೈದರು. ನನಗೆ ಸ್ವಲ್ಪ ಸಮಾಧಾನವಾಯಿತು.

ಅಡ್ಮಿಟ್ ಆಗಲು ಹೊರಟ ಬೆಳಿಗ್ಗೆ ಅವನ ಕಾರು ಮೊದಲು ಕರೋಶಿಗೆ ಬಂತು. ಕುತ್ತಿಗೆಗೆ ದಪ್ಪ ಕಾಲರ್ ಕಟ್ಟಿಕೊಂಡು ಇಳಿದ. ಅಪ್ಪನಿಗೆ ನಾನು ಎಲ್ಲ ಹೇಳಿದ್ದೆ. ಆದರೂ ಮುಖ ಗಂಟಿಕ್ಕಿಕೊಂಡು ಬಾಗಿಲಲ್ಲೇ ನಿಂತಿದ್ದ.

"ಬಾಯಿ ಇದ್ದಿಲ್ಲೇನು ಅವತ್ತ?" ಎಂದ.

"ತಪ್ಪಾತ್ರಿ, ಕಾಕಾ."

"ತಪ್ಪಾತಂತ! ನಮ್ಮವ್ವ ಎರಡ ಹೊತ್ತ ಉಂಡಿಲ್ಲ, ಗೊತ್ತೈತೇನು?"

"ಸುಮ್ನಿರೋ ಪಾರಿಸ," ಒಳಗಿನಿಂದ ಆಯಿಯ ದನಿ. "ಆ ಉಪ್ಪಿನಕಾಯಿ ಭರಣಿ ಇಳಸೂ ಸ್ಟೂಲ್ ತಾ. ಹುಡುಗ ಬಾಗಬಾರದಂದ್ರ ನಾನ ಏರ್ತೀನಿ."

ಅಪ್ಪ ಹೋಗಿ ಸ್ಟೂಲ್ ತಂದಿಟ್ಟು, ಅಲುಗಾಡದಂತೆ ತಾನೇ ಕೂತು ಎರಡೂ ಕೈಯಿಂದ ಹಿಡಿದುಕೊಂಡ. ಆಯಿ ಸೀರೆ ಎತ್ತಿ ಕಟ್ಟಿ, ನನ್ನ ಹೆಗಲ ಮೇಲೆ ಕೈಯಿಟ್ಟು ಏರಿದಳು. ಬೆರಳ ತುದಿಯಲ್ಲಿ ಹೊಸದಾಗಿ ತೇಯ್ದ ಗಂಧ.

"ಇಷ್ಟುದ್ದ ಬೆಳದು ನೋವ ಮುಚ್ಚಿಡ್ತೀಯಲ್ಲೋ, ನಾಚ್ಕಿಗೇಡಿ," ಎಂದಳು ಗಂಧ ಹಚ್ಚಲು ಕೈ ಎತ್ತುತ್ತ.

ಹಿರಿಯರ ಕೈ ಹಣೆಗೆ ಬರುವುದನ್ನು ಕಂಡೊಡನೆ, ಬೆಳೆದುಬಂದ ರೂಢಿ, ಅವನ ತಲೆ ತಾನಾಗಿಯೇ ತಗ್ಗಲು ಹೊರಟಿತು.

ನಾನು ಅಂಗೈಯಿಂದ ಅವನ ಗದ್ದವನ್ನು ಹಿಡಿದು ತಡೆದೆ.

"ಬಾಗಿದಿ ಅಂದ್ರ ನೋಡು ಮತ್ತ!"

"ಇನ್ನೂ ಸಿಟ್ಟ ಇಳದಿಲ್ಲೇನು?" ಎಂದ ಮೆಲ್ಲಗೆ. ಕಣ್ಣು ಮೊದಲು ನಕ್ಕಿತು.

"ಇಲ್ಲ. ಮನಿಗೆ ಬಂದ ಮ್ಯಾಲೂ ಇರ್ತೈತಿ. ಮಕ್ಕಳಾದ್ರೂ ಇರ್ತೈತಿ."

ಮೀಸೆಯೂ ನಕ್ಕಿತು. ಆಯಿ ಗಂಧ ಇಟ್ಟಳು. ಇಟ್ಟಾದ ಮೇಲೂ ನನ್ನ ಕೈ ಅವನ ಗದ್ದದ ಕೆಳಗೇ ಇತ್ತು. ಕೆಳಗೆ ಕೂತ ಅಪ್ಪ, "ಆತೇನ್ರೋ ನಿಮ್ದು? ನನ್ನ ಮಂಡಿ ನೋಯಾಕತ್ತೈತಿ," ಎಂದು ಗದರುವವರೆಗೂ.