ಹಾರುವ ಗಾಡಿ, ಹೊರುವ ಗಾಡಿ

ಬೆಟ್ಟದ ತುದಿಯ ಹವಾಮಾನ ಕೇಂದ್ರದಿಂದ ಗ್ಯಾರೇಜಿಗೆ ಫೋನು ಬಂದಾಗ, ಅದನ್ನು ನಡೆಸುವ ಅಕ್ಕನ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗೆ ಬಿತ್ತು. ಆ ಸದ್ದಿಗೆ ಏಳು ಬೀದಿಯ ನಾಯಿಗಳು ಒಟ್ಟಿಗೆ ಬೊಗಳಿದವು. ಸುಳ್ಳೆನ್ನುವವರು ಹೋಗಿ ಆ ನಾಯಿಗಳನ್ನೇ ಕೇಳಬಹುದು. ಫೋನಿನಲ್ಲಿದ್ದದ್ದು ಅವಳ ಗಂಡ. ಮಳೆ ಗಾಳಿಗಳನ್ನು ಅಳೆಯುತ್ತ ಆ ತುದಿಯಲ್ಲಿ ಒಬ್ಬನೇ ಇರುವವನು. ನಿನ್ನೆಯಿಂದ ಹೊಟ್ಟೆಯ ಬಲಗಡೆ ಕೂರಲೂ ಬಿಡದ, ನಿಲ್ಲಲೂ ಬಿಡದ ನೋವು. ಫೋನಿನಲ್ಲೇ ಲಕ್ಷಣ ಕೇಳಿದ ಆಸ್ಪತ್ರೆಯ ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ: ಅಪೆಂಡಿಕ್ಸ್, ಒಡೆಯುವುದರಲ್ಲಿದೆ, ಕತ್ತಲಾಗುವುದರೊಳಗೆ ಕರೆತನ್ನಿ, ಆಮೇಲೆ ತಂದರೆ ನನ್ನನ್ನು ಕೇಳಬೇಡಿ.

ಗುಡ್ಡ ಕುಸಿದು ಜೀಪಿನ ರಸ್ತೆ ಕಣಿವೆ ಸೇರಿತ್ತು. ಮೋಡ ನೆಲಕ್ಕೇ ಇಳಿದು ಚಕ್ಕಳಮಕ್ಕಳ ಹಾಕಿದ್ದರಿಂದ ಹೆಲಿಕಾಪ್ಟರ್ ಏಳುವಂತಿರಲಿಲ್ಲ. ಉಳಿದದ್ದು ಹಳೆಯ ಕಾಲುಹಾದಿಯೊಂದೇ. ಆಡುಗಳೂ ದೇವರನ್ನು ನೆನೆದು ಕಾಲಿಡುವಂಥದ್ದು.

ಗ್ಯಾರೇಜಿನಲ್ಲಿ ಎರಡು ಗಾಡಿಗಳಿದ್ದವು. ಒಂದು, ಅವಳ ತಮ್ಮನ ಮೋಟೋಕ್ರಾಸ್ ಬೈಕು; ಆ ತಮ್ಮನನ್ನು ಊರೆಲ್ಲ ಕರೆಯುವುದೇ ಪಟಾಕಿ ಎಂದು. ಗುಜರಿಗೆ ಬಿದ್ದಿದ್ದ ಗಾಡಿಗಳ ಎಲುಬು ಕೂಡಿಸಿ ಅಕ್ಕನೇ ಅದನ್ನು ಕಟ್ಟಿಕೊಟ್ಟಿದ್ದಳು. ಹಗುರವೆಂದರೆ, ಹತ್ತಿರ ನಿಂತು ಸೀನಿದರೆ ಪಕ್ಕದ ಊರಿಗೆ ಹೋಗಿ ಬೀಳುವಷ್ಟು ಹಗುರ. ಮುಂದಿನ ವಾರ ಅದರ ಮೇಲೆ ಅವನ ಮೊದಲ ದೊಡ್ಡ ರೇಸು. ಇನ್ನೊಂದು ಅಕ್ಕನ ಎಂಡ್ಯೂರೋ ಟ್ರೇಲ್ ಬೈಕು: ಅಗಲ ಟ್ಯಾಂಕು, ದೀಪ, ಸ್ಟ್ಯಾಂಡು, ಹಿಂದೆ ಕೂತವರಿಗೆ ಕಾಲಿಡಲು ಜಾಗ, ಎಮ್ಮೆಯ ನಡೆ, ಎಮ್ಮೆಯದೇ ಸಹನೆ.

"ನಿನ್ನ ಎಮ್ಮೆ ಮೊದಲ ತಿರುವು ದಾಟೋದ್ರಲ್ಲಿ ನಾನು ತುದೀಲಿರ್ತೀನಿ," ಎಂದ ಪಟಾಕಿ. "ನಂದೊಂದೇ ಸಾಕು."

"ಹೋಗೋದು ಸರಿ ಕಣೋ. ಬರುವಾಗ ನಿನ್ನ ಭಾವನ್ನ ಎಲ್ಲಿ ಕೂರಿಸ್ಕೊಳ್ತೀಯ? ಸೈಲೆನ್ಸರ್ ಮೇಲಾ?"

ಪಟಾಕಿ ತನ್ನ ಗಾಡಿಯ ಹಿಂಭಾಗವನ್ನು ಅಂದೇ ಮೊದಲು ಕಂಡವನಂತೆ ನೋಡಿದ. ರೇಸಿನವರಿಗೆ ಗೆರೆ ದಾಟುವುದಷ್ಟೇ ಗೊತ್ತು. ವಾಪಸ್ಸು ಬರುವ ಪಾಠ ಅವರ ಶಾಲೆಯಲ್ಲಿಲ್ಲ.

"ಹಾಗಾದ್ರೆ ನಿನ್ನದೊಂದೇ ತಗೋ."

"ದಾರಿ ಎಲ್ಲೆಲ್ಲಿ ಉಳಿದಿದೆಯೋ ಯಾರಿಗ್ಗೊತ್ತು? ನಿಂದು ಹಾರೋ ಗಾಡಿ, ಮುಂದೆ ಹೋಗಿ ನೋಡು. ನಂದು ಹೊರೋ ಗಾಡಿ. ಹಗ್ಗ ತಗೋ, ನಡಿ."

ಕಾಡು ಬಾಯಿ ತೆರೆದುಕೊಂಡೇ ಇತ್ತು. ಅಲ್ಲಿಯ ಮರಗಳು ಎಷ್ಟೆತ್ತರವೆಂದರೆ, ಅವುಗಳ ನೆತ್ತಿಯ ಮೇಲೆ ಹಿಂದಿನ ತಿಂಗಳು ಬಿದ್ದ ಮಳೆ ಎಲೆಯಿಂದ ಎಲೆಗೆ ಇಳಿಯುತ್ತ ಅಂದಷ್ಟೇ ನೆಲ ಮುಟ್ಟುತ್ತಿತ್ತು. ಮಂಜು ಎಷ್ಟು ದಪ್ಪವೆಂದರೆ, ಪಟಾಕಿ ಅದರಲ್ಲಿ ಕೊರೆದುಕೊಂಡು ಹೋದ ಬಿಲ ಮುಚ್ಚುವುದರೊಳಗೆ ಅಕ್ಕ ಅದರಲ್ಲೇ ನುಗ್ಗಿ ಬಂದಳು. ಬಂಡೆಗಳು, ಬೇರುಗಳು, ಕೆಸರು, ಮತ್ತೆ ಬಂಡೆಗಳು. ಪಟಾಕಿಯ ಗಾಡಿ ನೆಲದ ಮೇಲಿದ್ದದ್ದಕ್ಕಿಂತ ಗಾಳಿಯಲ್ಲಿದ್ದದ್ದೇ ಹೆಚ್ಚು. ಅಕ್ಕನದು ಒಂದೊಂದು ಕಲ್ಲನ್ನೂ ಮಾತಾಡಿಸಿಕೊಂಡು ಏರಿತು.

ಅರ್ಧದಾರಿಯಲ್ಲಿ ನೆಲವೇ ಸೀಳಿತ್ತು. ಈ ಸೀಳಿನ ಅಗಲ ಹೇಳುವಾಗ ಮಾತ್ರ ನಾನು ಒಂದು ಬೆರಳೂ ಹೆಚ್ಚು ಹೇಳುವುದಿಲ್ಲ, ಹೇಳಿದರೆ ಕತೆಯೇ ಬಿದ್ದುಹೋಗುತ್ತದೆ: ಒಂದು ಬೈಕಿನ ಉದ್ದಕ್ಕಿಂತ ಒಂದು ಗೇಣು ಕಡಿಮೆ. ಆಳದ ಮಾತು ಬೇರೆ. ಅಲ್ಲಿ ಬಿದ್ದ ಕಲ್ಲಿನ ಸದ್ದು ಇನ್ನೂ ಮೇಲೆ ಬಂದಿಲ್ಲ. ತಳದಲ್ಲಿ ಕೆಂಪು ನೀರು ಕುದಿಯುತ್ತಿತ್ತು. ಮೇಲೆ, ಎಂದೋ ಯಾರೋ ಹಾಕಿದ ಎರಡು ದಿಮ್ಮಿಗಳು. ಪಟಾಕಿ ಅವನ್ನು ನೋಡಲೂ ಇಲ್ಲ, ಹಾರಿದ. ಅಕ್ಕ ಇಳಿದು, ಗಾಡಿಯನ್ನು ಮಗುವಿನಂತೆ ನಡೆಸಿಕೊಂಡು ದಾಟಿದಳು.

ತುದಿಯ ಕೋಣೆಯಲ್ಲಿ ಭಾವ ನೆಲದ ಮೇಲೆ ಮೊಣಕಾಲನ್ನು ಎದೆಗೆ ಅವುಚಿಕೊಂಡು ಮಲಗಿದ್ದ. ಮೈ ಕಾದ ಕಾವಲಿ.

"ಬಂದ್ರಾ," ಎಂದ. "ಸಂಜೆಗೆ ಇನ್ನೂ ಜೋರು ಮಳೆ. ಬರೆದಿಟ್ಟಿದೀನಿ."

"ಸಾಯೋವಾಗ್ಲೂ ಮಳೆ ಚಿಂತೆ ನಿಮಗೆ," ಎಂದಳು ಅಕ್ಕ. ಅಂದ ಮೇಲೆ ತುಟಿ ಕಚ್ಚಿಕೊಂಡಳು. ಹಳೆಯ ಟ್ಯೂಬುಗಳನ್ನು ಸೀಳಿ ಅವನನ್ನು ತನ್ನ ಬೆನ್ನಿಗೆ ಕಟ್ಟಿಕೊಂಡಳು.

ಇಳಿಯುವಾಗ ಭಾವ ಮೊದಮೊದಲು ನರಳಿದ. ಆಮೇಲೆ ನರಳುವುದನ್ನೂ ಬಿಟ್ಟ. ಅದರಿಂದ ಅಕ್ಕನಿಗೆ ಇನ್ನೂ ಹೆಚ್ಚು ಭಯ.

ಸೀಳಿನ ಅಂಚಿನಲ್ಲಿ ಪಟಾಕಿ ಗಾಡಿ ನಿಲ್ಲಿಸಿ ನಿಂತಿದ್ದ.

ದಿಮ್ಮಿಗಳಿರಲಿಲ್ಲ. ನೀರು ಅಂಚಿನವರೆಗೆ ಏರಿ ಅವನ್ನು ಹೊತ್ತುಕೊಂಡು ಹೋಗಿ, ಏನೂ ಅರಿಯದ ಹಾಗೆ ಒಂದಾಳುದ್ದ ಕೆಳಗಿಳಿದಿತ್ತು. ಮತ್ತೆ ಯಾವಾಗ ಏರುವುದೋ. ಅತ್ತ ದರಿ, ಇತ್ತ ಪುಲಿ. ಸುತ್ತ ಕೈಗೆ ಸಿಗುವಂಥ ಸಣ್ಣ ಮರವಿಲ್ಲ, ದೊಡ್ಡದನ್ನು ಕಡಿಯಲು ಕೊಡಲಿಯಿಲ್ಲ. ಬೆಳಕು ಬೂದಿಯಾಗುತ್ತಿತ್ತು.

"ನೀನು ಹಾರ್ಕೊಂಡು ಹೋಗು," ಎಂದಳು ಅಕ್ಕ. "ಜನ ಕರ್ಕೊಂಡು ಬಾ."

"ಜನ ಬರೋ ಹೊತ್ತಿಗೆ?"

ಅಕ್ಕ ಟ್ಯೂಬಿನ ಗಂಟನ್ನು ಇನ್ನಷ್ಟು ಬಿಗಿದಳು. ಅವಳ ಹೆಗಲ ಮೇಲೆ ಭಾವನ ತಲೆ ಅತ್ತಿಂದಿತ್ತ ತೂಗಾಡುತ್ತಿತ್ತು.

ಪಟಾಕಿ ಸೀಳನ್ನು ನೋಡಿದ. ತನ್ನ ಗಾಡಿಯ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ನೋಡಿದ.

"ಹನ್ನೆರಡರ ಸ್ಪ್ಯಾನರ್ ಕೊಡು."

"ಯಾಕೆ?"

"ಹ್ಯಾಂಡಲ್ ಬಿಚ್ಬೇಕು. ಇದ್ರೆ ಮಟ್ಟಸ ಮಲಗಲ್ಲ."

ಅಕ್ಕನಿಗೆ ಅರ್ಥವಾಯಿತು. "ಬೇಡ ಕಣೋ. ಮುಂದಿನ ವಾರ..."

"ಮುಂದಿನ ವಾರ ಚಪ್ಪಾಳೆ ಹೊಡೆಯೋಕೆ ಭಾವ ಇರ್ಬೇಕಲ್ಲ. ಕೊಡಕ್ಕ."

ಅವಳು ತಾನೇ ಬಿಗಿದಿದ್ದ ಬೋಲ್ಟುಗಳನ್ನು ಅವನು ಬಿಚ್ಚಿದ. ತಂತಿಗಳನ್ನು ಕತ್ತರಿಸಿದ. ಹ್ಯಾಂಡಲನ್ನು ಆಚೆ ದಡಕ್ಕೆ ಎಸೆದ. ಗಾಡಿಯನ್ನು ಏಣಿಯಂತೆ ಹಿಂದಿನ ಚಕ್ರದ ಮೇಲೆ ನಿಲ್ಲಿಸಿ, ಒಮ್ಮೆ ಅದರ ಟ್ಯಾಂಕು ಸವರಿ, ಮುಂದಕ್ಕೆ ಕೆಡವಿದ. ಮುಂದಿನ ಚಕ್ರ ಆಚೆಯ ಬಂಡೆ ಮುಟ್ಟಿತು. ಗಾಡಿ ಮಗ್ಗುಲಾಗಿ ಸೀಳಿಗೆ ಅಡ್ಡ ಮಲಗಿತು.

ಅಕ್ಕ ಭಾವನನ್ನು ಬೆನ್ನಿನಿಂದ ಬಿಚ್ಚಿ ಇಳಿಸಿ, ತಾನು ಮೊದಲು ದಾಟಿ ಹಗ್ಗ ಹಿಡಿದಳು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡ ಭಾವ ಅರೆಎಚ್ಚರದಲ್ಲೇ ಅಂಬೆಗಾಲಿಟ್ಟ.

"ಕೆಳಗೆ ನೋಡ್ಬೇಡಿ ರೀ."

"ಕಣ್ಣೇ ಬಿಟ್ಟಿಲ್ಲ ಕಣೇ."

ಉಳಿದದ್ದು ಎಮ್ಮೆ. ಪಟಾಕಿ ಅದರ ಮೇಲೆ ಕೂತ. ಹುಟ್ಟಿದಾಗಿನಿಂದ ನಿಧಾನ ಎಂಬ ಪದ ಕೇಳಿದರೆ ಅವನಿಗೆ ಜ್ವರ ಬರುತ್ತಿತ್ತು. ಈಗ ಇರುವೆಗಿಂತ ಮೆಲ್ಲಗೆ ಹೋಗಬೇಕಿತ್ತು.

"ಹಾರ್ಬೇಡ," ಎಂದಳು ಅಕ್ಕ ಆಚೆಯಿಂದ. "ಕ್ಲಚ್ ಹಿಡಿದು ಬಿಡು, ಹಿಡಿದು ಬಿಡು. ನಡೆದು ಬಾ."

ಮುಂದಿನ ಚಕ್ರ ಹತ್ತಿತು. ಕೆಳಗಿನ ಗಾಡಿಯ ಕಡ್ಡಿಗಳು ಟಣ್ ಟಣ್ ಎಂದು ಮುರಿದವು. ಚೌಕಟ್ಟು ಬಾಗಿತು. ಪಟಾಕಿ ಉಸಿರು ಬಿಡಲಿಲ್ಲ. ಒಂದು ಮೊಳ. ಇನ್ನೊಂದು. ಹಿಂದಿನ ಚಕ್ರ ಬಂಡೆ ಕಚ್ಚಿ ಮೇಲೆದ್ದಾಗ ಕೆಳಗೆ ಏನೋ ಜಾರಿತು. ಅವನು ತಿರುಗಿದಾಗ ಸೀಳು ಬರಿದಾಗಿತ್ತು.

ಅವನು ಇಳಿದ; ಬಂಡೆಗೆ ತಾಗಿ ಅಕ್ಕನ ಗಾಡಿಯ ಹ್ಯಾಂಡಲ್ ಸೊಟ್ಟಗಾಗಿತ್ತು. "ಹೋಗು, ನಾನು ನಡ್ಕೊಂಡು ಬರ್ತೀನಿ," ಎಂದ. "ದೀಪ ಹಾಕ್ಕೋ. ನಿಂದಕ್ಕಾದ್ರೂ ದೀಪ ಇದೆಯಲ್ಲ."

ಡಾಕ್ಟರು ಕತ್ತರಿ ಹಿಡಿದಾಗ ಕಿಟಕಿಯಲ್ಲಿ ಇನ್ನೂ ಅಂಗೈಯಗಲ ಬೆಳಕಿತ್ತು. ಒಡೆದಿರಲಿಲ್ಲ. ಇನ್ನೊಂದು ಆಕಳಿಕೆ ತಡವಾಗಿದ್ದರೂ ಒಡೆಯುತ್ತಿತ್ತು ಎಂದು ಡಾಕ್ಟರು ಹೇಳಿದರಂತೆ. ಆಕಳಿಕೆ ಎಂಬ ಮಾತು ನನ್ನದು.

ಬೆಳಗ್ಗೆ ವಾರ್ಡಿನ ಬಾಗಿಲಲ್ಲಿ ಕೆಸರಿನ ಕಂಬವೊಂದು ಬಂದು ನಿಂತಿತು. ಹೆಗಲ ಮೇಲೆ ಹ್ಯಾಂಡಲ್.

"ಏನಯ್ಯಾ, ಗಾಡಿ ಎಲ್ಲಿ?" ಎಂದ ಭಾವ ಹಾಸಿಗೆಯಿಂದ. ಸೀಳು ದಾಟಿದ್ದು ಅವನಿಗೆ ಅರೆಬರೆ ನೆನಪು.

"ತಂದಿದೀನಿ ಭಾವ. ಸ್ವಲ್ಪ ಕಮ್ಮಿಯಾಗಿದೆ."

"ನಗಿಸ್ಬೇಡವೋ. ಹೊಲಿಗೆ ಬಿಡುತ್ತೆ."

ಅಕ್ಕ ಹ್ಯಾಂಡಲನ್ನು ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದಳು. ನೂಲು ಹಿಡಿದಷ್ಟು ನೇರವಿತ್ತು. ಸೆರಗಿನಲ್ಲಿ ಅದರ ಕೆಸರು ಒರೆಸಿದಳು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

"ಈಗ ಹೇಳು," ಎಂದಳು, "ಯಾವುದೋ ಒಳ್ಳೇ ಗಾಡಿ?"

"ನಿಂದು ಗಾಡಿ. ನಂದು ಸೇತುವೆ."

"ಎಮ್ಮೆ ಕೊಂಬು ಸೊಟ್ಟಗಾಗಿದೆ. ಇದನ್ನೇ ಹಾಕಿ, ಮುಂದಿನ ವಾರ ಅದನ್ನೇ ತಗೊಂಡು ಹೋಗು."

"ಎಲ್ಲರಿಗಿಂತ ಹಿಂದೆ ಬರ್ತೀನಿ."

"ಬರ್ತೀಯಲ್ಲ," ಎಂದಳು ಅಕ್ಕ. "ಅಷ್ಟು ಸಾಕು."

ಪಟಾಕಿ ಜೇಬಿಗೆ ಕೈ ಹಾಕಿದ. ಹನ್ನೆರಡರ ಸ್ಪ್ಯಾನರ್ ಇನ್ನೂ ಅಲ್ಲೇ ಇತ್ತು.