ಪಟ್ಟಿ ನೋಡದೆ ಹೇಳಿದ ಪವರ್

"ನನ್ನ ಕೈಯಲ್ಲಿ ತಪ್ಪಾಗಿಲ್ಲ ರೀ! ನಿಮ್ಮ ಪಟ್ಟಿಯಲ್ಲಿ ಏನಿತ್ತೋ ಅದನ್ನೇ ಮಾಡಿದ್ದೀನಿ!"

ಕನ್ನಡಕದಂಗಡಿಯ ಹಿಂದಿನ ಕೋಣೆಗೆ ನುಗ್ಗಿದವಳೇ ಪಟ್ಟಿಯನ್ನು ಅವನ ಮೇಜಿನ ಮೇಲೆ ಬಡಿದಳು. ಕಂಪ್ಯೂಟರಿನ ಮುಂದಿದ್ದವನು ಬೆಚ್ಚಿ ತಲೆಯೆತ್ತಿದ. ಅಂಗಡಿಯವರು ಅವನನ್ನು ಸುಮ್ಮನೆ 'ಮೌನಿ' ಎನ್ನುತ್ತಿರಲಿಲ್ಲ. ಮೂರು ತಿಂಗಳಲ್ಲಿ ಅವಳೊಂದಿಗೆ ಆಡಿದ ಮಾತುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು.

ಗಿರಾಕಿಗಳ ಹೆಸರು, ಪವರ್ ಇರುವ ಪಟ್ಟಿಯನ್ನು ಕಂಪ್ಯೂಟರಿನಿಂದ ತೆಗೆದುಕೊಡುವುದು ಅವನ ಕೆಲಸ; ಅದರಂತೆ ಲೆನ್ಸ್ ಉಜ್ಜಿ ಫ್ರೇಮಿಗೆ ಕೂರಿಸುವುದು ಅವಳದು. ಇವತ್ತು ಕೊಟ್ಟ ಕನ್ನಡಕಗಳೆಲ್ಲ ಒಂದೊಂದಾಗಿ ವಾಪಸು ಬಂದಿದ್ದವು. "ಇದು ಹಾಕ್ಕೊಂಡ್ರೆ ನೆಲವೇ ಮೇಲೆದ್ದು ಬರುತ್ತಲ್ಲೇ ತಾಯಿ!" ಎಂದು ಒಬ್ಬ ಅಜ್ಜಿ ಕೌಂಟರ್ ಹಿಡಿದೇ ನಿಂತಿದ್ದರು. ಯಜಮಾನರು ಎಲ್ಲರೆದುರೇ ಅವಳನ್ನು ತರಾಟೆಗೆ ತೆಗೆದುಕೊಂಡು, "ನಾಳೆಯಿಂದ ಬರಬೇಡ!" ಎಂದಿದ್ದರು.

ಆಗ ಈ ಮಹಾನುಭಾವ ತುಟಿ ಪಿಟಕ್ಕೆನ್ನದೆ ಒಳಗೆ ಹೋಗಿದ್ದ. ಕೆಲಸ ಹೋದದ್ದಕ್ಕಿಂತ ಅದೇ ಅವಳನ್ನು ಹೆಚ್ಚು ಚುಚ್ಚಿತ್ತು...

"ನಾಲ್ಕು ಸಲ ನೋಡಿದೆ. ತಪ್ಪೇ ಸಿಗ್ತಿಲ್ಲ," ಎಂದ ಅವನು. "ಕಂಪ್ಯೂಟರಲ್ಲಿ ಹೆಸರುಗಳದ್ದು ಒಂದು ಸಾಲು, ಪವರ್‌ಗಳದ್ದು ಇನ್ನೊಂದು. ಪ್ರೋಗ್ರಾಮ್ ಮೊದಲನೇ ಹೆಸರಿಗೆ ಮೊದಲನೇ ಪವರ್ ಜೋಡಿಸುತ್ತೆ, ಎರಡನೇದಕ್ಕೆ ಎರಡನೇದು. ಎರಡರಲ್ಲೂ ಇಪ್ಪತ್ತೆರಡಿವೆ, ಅದಕ್ಕೇ ಅದು ತಕರಾರೂ ಮಾಡಿಲ್ಲ."

"ಹಾಗಾದ್ರೆ ಕೊನೇಲಿ, ನಾನಿನ್ನೂ ಮಾಡಿರದ ಹೊಸ ಕನ್ನಡಕಕ್ಕೆ ನಿಮ್ಮ ಹೆಸರಿನ ಮುಂದೆ ಪ್ಲಸ್ ಮೂರು ಯಾಕಿದೆ? ಈಗಷ್ಟೇ ಕಣ್ಣಿಗೆ ಬಿತ್ತು. ನಿಮ್ಮದು ಬಲಗಣ್ಣು ಮೈನಸ್ ಎರಡೂ ಕಾಲು, ಎಡಗಣ್ಣು ಮೈನಸ್ ಎರಡೂವರೆ!"

ಅವನ ಬೆರಳುಗಳು ಕೀಬೋರ್ಡಿನ ಮೇಲೆ ಓಡಿ, ಥಟ್ಟನೆ ನಿಂತವು.

"ಅಯ್ಯೋ... ನಂದೇ ತಪ್ಪು! ಹುಡುಕೋಕೆ ಸುಲಭ ಆಗ್ಲಿ ಅಂತ ಹೆಸರುಗಳನ್ನ ಮಾತ್ರ ಅಕಾರಾದಿಯಲ್ಲಿ ಜೋಡಿಸಿಬಿಟ್ಟಿದ್ದೆ. ಪವರ್‌ಗಳು ಬಂದ ಕ್ರಮದಲ್ಲೇ ಉಳಿದಿವೆ!"

ಎದ್ದವನೇ ನೇರವಾಗಿ ಯಜಮಾನರ ಮುಂದೆ ಹೋಗಿ, ಅಂಗಡಿಗೆಲ್ಲ ಕೇಳುವಂತೆ ಹೇಳಿದ. "ಸರ್, ಅವರದ್ದೇನೂ ತಪ್ಪಿಲ್ಲ. ಪಟ್ಟಿ ಕೆಡಿಸಿದ್ದು ನಾನು. ಕಳಿಸೋದಿದ್ರೆ ನನ್ನನ್ನ ಕಳಿಸಿ."

ಯಜಮಾನರು ಇಬ್ಬರನ್ನೂ ದುರುಗುಟ್ಟಿ ನೋಡಿದರು. "ಯಾರನ್ನೂ ಕಳಿಸಲ್ಲ. ಮೊದ್ಲು ಈ ಅಜ್ಜಿ ಕನ್ನಡಕ ಸರಿಮಾಡಿ, ಹೋಗಿ!"

ಉಸ್ಸಪ್ಪಾ! ಎದೆಯ ಮೇಲಿನ ಭಾರ ಇಳಿದದ್ದೇ ಅವಳ ಕಣ್ಣು ತುಂಬಿ ಬಂತು.

"ಅವರು ಬೈಯುವಾಗ ಯಾಕೆ ಸುಮ್ಮನಿದ್ರಿ?" ಕೋಣೆಗೆ ಮರಳಿದಾಗ ಮೆಲ್ಲನೆ ಕೇಳಿದಳು.

"ನಿಮ್ಮ ಕೈ ತಪ್ಪು ಮಾಡಲ್ಲ ಅಂತ ಗೊತ್ತಿತ್ತು. ತಪ್ಪು ಎಲ್ಲಿದೆ ಅಂತ ಹುಡುಕೋಕೇ ಒಳಗೆ ಓಡಿದ್ದು. ಅದಿರಲಿ... ಇಪ್ಪತ್ತೆರಡು ಜನರಲ್ಲಿ ನನ್ನ ಪವರ್ ಮಾತ್ರ ಹೇಗೆ ಬಾಯಿಪಾಠ?"

ಸಿಕ್ಕಿಬಿದ್ದಳು ಹುಡುಗಿ! ಮುಖ ಕೆಂಪೇರಿತು.

"ಮೂರು ತಿಂಗಳಿಂದ ಬಾಯಿಪಾಠ ಇದೆ. ಕೇಳೋಕೆ ಇಷ್ಟು ದಿನ ಬೇಕಾಯ್ತಾ ನಿಮಗೆ?"

"ಧೈರ್ಯ ಬರಲಿಲ್ಲ... ಈಗ ಬಂದಿದೆ. ಮನೆಗೆ ಬಂದು ನಿಮ್ಮಪ್ಪನ ಹತ್ರ ಮಾತಾಡ್ಲಾ?"

"ಬನ್ನಿ," ಎಂದು ಅವಳು ಕಣ್ಣೊರೆಸಿಕೊಂಡು ನಕ್ಕಳು. "ಆದ್ರೆ ಹೊಸ ಕನ್ನಡಕ ಹಾಕ್ಕೊಂಡು ಬನ್ನಿ. ನಾನೇ ಮಾಡಿಕೊಡ್ತೀನಿ."